ಕತ್ತೆ ಉತ್ತ ನದಿ

ತಿಸಾ ನದಿಯನ್ನು ಕತ್ತೆಯೊಂದು ಉತ್ತು ತಂದಿತಂತೆ,
ನಮ್ಮಜ್ಜಿಯ ಮಾತು. ಹೆಗಲಿಗೆ ಚಿನ್ನದ ನೇಗಿಲು,
ಕಣ್ಣೆಲ್ಲ ಅಕ್ಕಪಕ್ಕದ ಮುಳ್ಳುಗಿಡದ ಮೇಲೆ.
ಇಲ್ಲೊಂದು ಬಾಯಿ, ಅಲ್ಲೊಂದು ಬಾಯಿ ಮೇಯುತ್ತ
ಹೋದಲ್ಲೆಲ್ಲ ಗೆರೆ, ಗೆರೆಯ ಹಿಂದೆ ನೀರು.
ಅದಕ್ಕೇ ನಮ್ಮ ಹೊಳೆ ಇಷ್ಟು ಸೊಟ್ಟ.

ಆಮೇಲೆ ಅಳತೆಪಟ್ಟಿ ಹಿಡಿದವರು ಬಂದರು.
ಸೊಟ್ಟವನ್ನು ಕತ್ತರಿಸಿದರು, ಎರಡೂ ದಡಕ್ಕೆ ಕಟ್ಟೆ ಎಬ್ಬಿಸಿದರು,
ಜೌಗು ಒಣಗಿಸಿ ಗೋಧಿ ಬಿತ್ತಿದರು.
ಆ ಗೋಧಿ ಉಂಡೇ ನಾನು ಬೆಳೆದದ್ದು; ಸುಳ್ಳು ಹೇಳಲಾರೆ.

ಬೋಲ್ಡಿಜಾರ್, ನಿನ್ನನ್ನು ಕಟ್ಟಿಕೊಂಡಾಗ
ಹನ್ನೊಂದು ಕಿಲೋಮೀಟರು ಕಟ್ಟೆಯನ್ನೂ ಕಟ್ಟಿಕೊಂಡೆ.
ಬೆಳಗಾದರೆ ಸೈಕಲ್ಲು, ಹಿಂದೆ ಕಟ್ಟಿದ ಗುದ್ದಲಿ.
ನರಿಯ ಬಿಲ, ಮುಚ್ಚಿದೆ. ಇಲಿಯ ಬಿಲ, ಮುಚ್ಚಿದೆ.
ಮಗಳು ಹುಟ್ಟಿದ ರಾತ್ರಿ ನೀರು ಏರಿತ್ತು;
ನೀನು ಅಲ್ಲಿ ಮರಳಿನ ಚೀಲಕ್ಕೆ ಹೆಗಲು ಕೊಟ್ಟು,
ನಾನು ಇಲ್ಲಿ ಸೂಲಗಿತ್ತಿಯ ಮುಂಗೈ ಕಚ್ಚಿ.
ದಪ್ಪ ಪುಸ್ತಕದಲ್ಲಿ ದಿನಕ್ಕೊಂದೇ ಸಾಲು:
ನೀರು ಇಷ್ಟು. ಕಟ್ಟೆ ಭದ್ರ.
ನಲವತ್ತೊಂದು ವರ್ಷ, ಅದೇ ಕೈಬರಹ.

ಆದರೂ ಹೊಳೆ ಬಡವಾಯಿತಲ್ಲ.
ಓಣಿಗೆ ಸಿಕ್ಕಿದ ದನದಂತೆ ಓಡಿತು,
ತನ್ನ ತಳವನ್ನೇ ಕೆರೆದುಕೊಂಡಿತು,
ಇಳಿಯಿತು, ಇಳಿಯಿತು.
ನಮ್ಮ ಬಾವಿಯ ಹಗ್ಗಕ್ಕೆ ಮೂರು ಸಲ ಗಂಟು ಹಾಕಿ ಉದ್ದ ಮಾಡಿದೆ.
ಕೂಗಳತೆಯಲ್ಲಿ ಹೊಳೆ, ಹಿತ್ತಲಲ್ಲಿ ಒಣ ಬಾವಿ.
ಅದನ್ನು ಯಾವ ಪುಸ್ತಕದಲ್ಲಿ ಬರೆದೆ?

ಎಮೋಕೆ ಎಂಬ ಹುಡುಗಿ ಬಂದಳು, ಬೂಟಿನ ತುಂಬ ಕೆಸರು.
ಅಡಿಗೆಮನೆಯ ಮೇಜಿನ ಮೇಲೆ ನಕ್ಷೆ ಹಾಸಿದಳು,
ಸುರುಳಿಕೊಳ್ಳುವ ಮೂಲೆಗೆ ನನ್ನ ಉಪ್ಪಿನ ಡಬ್ಬಿ ಇಟ್ಟು
"ಇಲ್ಲಿ ಕಡಿಯಬೇಕು" ಎಂದಳು. ಅರವತ್ತು ಮೀಟರು.
ನೀನು ನಕ್ಷೆ ನೋಡಲಿಲ್ಲ, ಅವಳ ಉಗುರು ನೋಡಿದೆ.
"ಮಗಳು ಹುಟ್ಟಿದ ವರ್ಷ ಅಲ್ಲಿ ಸೋರಿತ್ತು" ಅಂದೆ, ಅಷ್ಟೆ.
ಮೂರು ದಿನ ಊಟದಲ್ಲಿ ಮಾತಿಲ್ಲ.

ಕಡಿದ ದಿನ ನಾನೂ ಬಂದಿದ್ದೆ.
ಯಂತ್ರ ಬಗೆದಂತೆ ಕಟ್ಟೆಯ ಹೊಟ್ಟೆ ಕಂಡಿತು:
ಕೊಳೆತ ವಿಲೋ ಹೊರೆಗಳು, ಯಾರದೋ ತಂಬಾಕಿನ ಕೊಳವೆ,
ಮತ್ತೆ ಕರಿಯ ಮಣ್ಣಿನ ನಡುವೆ ಹಳದಿ ಹಳದಿ ತೇಪೆ,
ನೀನು ಮುಚ್ಚಿದ ಬಿಲಗಳು.
ಒಂದೊಂದನ್ನೂ ಗುರುತು ಹಿಡಿದು ಟೋಪಿ ತೆಗೆದೆ.

ಒಂದು ವಾರ ಏನೂ ಇಲ್ಲ.
ಬೆಟ್ಟದ ಹಿಮ ಕರಗಿದ ಮೇಲೆ ನೀರು ಬಂತು,
ಅಬ್ಬರವಿಲ್ಲ, ಬಾಗಿಲಲ್ಲಿ ನಿಂತು ಬೂಟು ಬಿಚ್ಚುವ
ಬಹಳ ದಿನದ ನೆಂಟನಂತೆ.
ಒಳಗೆ ಬಂದದ್ದೇ ಕೋಣೆಗಳೆಲ್ಲ ಗೊತ್ತು ಅದಕ್ಕೆ.
ನೂರೈವತ್ತು ವರ್ಷ ಟ್ರಾಕ್ಟರು, ನೇಗಿಲು ಅಳಿಸಿದ್ದ ತಿರುವುಗಳು
ಗೋಧಿಯ ಬೇರಿನಡಿಯಿಂದ ಎದ್ದು ಬಂದವು.
ಕತ್ತೆ ಎಲ್ಲೆಲ್ಲಿ ಮೇಯಿತೋ ಅಲ್ಲೆಲ್ಲ
ಹೊಳೆ ಹೊಳೆಯಿತು.

ಗೆಡೆಯೊನ್ ತನ್ನ ಕುದುರೆಮೆಂತೆ ಹೊಲಕ್ಕೆ ಪರಿಹಾರ ಪಡೆದ,
ನಮ್ಮೊಡನೆ ಮಾತು ಬಿಟ್ಟ.
ಸೊಳ್ಳೆ ಬಂದವು; ಎಮೋಕೆಯ ನಕ್ಷೆಯಲ್ಲಿ ಅವು ಇರಲಿಲ್ಲ.
ಹುಲ್ಲಿನ ಮೇಲೆ ಮೊಣಕಾಲುದ್ದ ನೀರು,
ನೀರಿನಲ್ಲಿ ಹುಲ್ಲಿಗೆ ಹೊಟ್ಟೆ ಉಜ್ಜುತ್ತ ಮೊಟ್ಟೆಯಿಡುವ ಮೀನು.
ಮೇ ತಿಂಗಳಲ್ಲಿ ಜಾಡಿಯೊಳಗೆ ಒಂದನ್ನು ತಂದೆ ನೀನು,
ಹಾವಿನ ಮರಿಯಂಥದ್ದು, ಮೀಸೆ ಬೇರೆ.
ಅಜ್ಜಿ ಕಿಟಕಿಯಲ್ಲಿ ಸಾಕುತ್ತಿದ್ದಳಂತೆ ಇಂಥದ್ದನ್ನು,
ಮಳೆಗೆ ಮೊದಲು ಹೊರಳಾಡುತ್ತದಂತೆ.
ಎರಡು ರಾತ್ರಿ ನೋಡಿದೆವು. ಹೊರಳಲಿಲ್ಲ. ಮಳೆಯೂ ಬರಲಿಲ್ಲ.
ಬಿಟ್ಟುಬಂದೆ.

ನಿನ್ನೆ ನೀನು ಮಲಗಿದ ಮೇಲೆ ಪುಸ್ತಕ ತೆರೆದೆ.
ನೀರು ಇಷ್ಟು, ಎಂದಿದೆ. ಮುಂದೆ, ಕಟ್ಟೆ,
ಅಲ್ಲಿಗೇ ನಿಂತಿದೆ ಪೆನ್ನು;
ನಿಂತಲ್ಲಿ ಶಾಯಿ ಕಾಗದಕ್ಕೆ ಹರಡಿ
ಕೆಳಗಿನ ಗೆರೆಯನ್ನೂ ದಾಟಿದೆ.

ಇವತ್ತು ಬೆಳಿಗ್ಗೆ ಬಾವಿಯ ಹಗ್ಗದ
ಒಂದು ಗಂಟು ಬಿಚ್ಚಿದೆ.
ನಿನಗಿನ್ನೂ ಹೇಳಿಲ್ಲ.